ಹಳೇ ಚೀಟಿ ತಂದಿದ್ದೀರಾ?

ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಬೆಳಗಿನ ಮೊದಲ ಬಸ್ ಹಿಡಿದು ಮೈಸೂರಿನ ಆಸ್ಪತ್ರೆಗೆ ಬಂದವರನ್ನು ವೈದ್ಯರು ‘ಏನಾಗ್ತಿದೆ?’ ಎಂದು ಕೇಳಿದ ಮರುಗಳಿಗೆಯಲ್ಲೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ಹಳೇ ಚೀಟಿ ತಂದಿದ್ದೀರಾ?’ ತಂದವರು ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿಯುತ್ತಾರೆ. ಮಡಿಕೆಯಲ್ಲಿ ಹರಿದ ಒಪಿಡಿ ಚೀಟಿ, ಗೆರೆ ಮಾಸಿಹೋದ ಇಸಿಜಿ ಕಾಗದ, ಯಾವ ವರ್ಷದ್ದೋ ಎಕ್ಸ್‌ರೇ, ಅರ್ಧ ಕತ್ತರಿಸಿದ ಮಾತ್ರೆಯ ಸ್ಟ್ರಿಪ್. ತರದವರು ‘ಬೆಳಗ್ಗೆ ಒಂದು ಬಿಳಿ ಮಾತ್ರೆ, ರಾತ್ರಿ ಒಂದು ಕೆಂಪು ಮಾತ್ರೆ ಸಾರ್’ ಎನ್ನುತ್ತಾರೆ. ಮುಂದಿನದು ಗೊತ್ತೇ ಇದೆ: ರಕ್ತ ಪರೀಕ್ಷೆ ಮತ್ತೆ, ಸ್ಕ್ಯಾನಿಂಗ್ ಮತ್ತೆ, ದುಡ್ಡೂ ಮತ್ತೆ.

ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಪಿರಿಯಾಪಟ್ಟಣದಿಂದ 70ರ ಆಸುಪಾಸು. ಒಂದು ಕಾಗದ ಮನೆಯಲ್ಲೇ ಉಳಿದರೆ ರೋಗಿಗೂ ಜೊತೆಗೆ ಬಂದವರಿಗೂ ಒಂದು ದಿನದ ಕೂಲಿ ಹೋಯಿತು. ಕೆ.ಆರ್. ನಗರ, ಎಚ್.ಡಿ. ಕೋಟೆಯವರ ಪಾಡೂ ಇದೇ. ಈ ನಾಲ್ಕು ತಾಲ್ಲೂಕುಗಳಲ್ಲಿ ಕಾಯಿಲೆ ಊರ ಉಪಕೇಂದ್ರದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ, ಕೈಮೀರಿದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ, ಹೆರಿಗೆಯಾದರೆ ಚೆಲುವಾಂಬಕ್ಕೆ, ಎದೆನೋವಾದರೆ ಜಯದೇವಕ್ಕೆ ಮೆಟ್ಟಿಲು ಹತ್ತುತ್ತಾ ಹೋಗುತ್ತದೆ. ಹಿಂದಿನ ಮೆಟ್ಟಿಲಲ್ಲಿ ಏನಾಯಿತೆಂದು ಮುಂದಿನವರಿಗೆ ತಿಳಿಸುವ ಕೆಲಸ ಮಾತ್ರ ರೋಗಿಯದೇ, ಅವನ ಪ್ಲಾಸ್ಟಿಕ್ ಕವರಿನದೇ.

ಹಾಗೆಂದು ಮಾಹಿತಿ ಎಲ್ಲೂ ದಾಖಲಾಗುತ್ತಿಲ್ಲ ಎಂದೇನಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ಬಿಪಿ, ಶುಗರ್ ವಿವರ ಬರೆದುಕೊಳ್ಳುತ್ತಾರೆ. ಅದು ಪೋರ್ಟಲ್ಲಿಗೆ ಹೋಗುತ್ತದೆ. ಗರ್ಭಿಣಿಯರಿಗೆ ಒಂದು ಪೋರ್ಟಲ್, ಕ್ಷಯಕ್ಕೆ ಇನ್ನೊಂದು, ಮಕ್ಕಳ ಲಸಿಕೆಗೆ ಮತ್ತೊಂದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅಥವಾ ಯಶಸ್ವಿನಿಯಡಿ ಶಸ್ತ್ರಚಿಕಿತ್ಸೆಯಾದರೆ ಬಿಲ್ ಪಾಸಾಗಲು ಆಸ್ಪತ್ರೆಯೇ ಸ್ಕ್ಯಾನು, ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿಯನ್ನೆಲ್ಲ ಅಪ್‌ಲೋಡ್ ಮಾಡುತ್ತದೆ. ದುಡ್ಡು ಕೊಡುವವರಿಗೆ ಇಡೀ ಫೈಲು, ಹೊಟ್ಟೆ ಕೊಯ್ಸಿಕೊಂಡವನಿಗೆ ಒಂದೋ ಎರಡೋ ಹಾಳೆ. ಇದೇ ಸೀಮೆಯ ಹೊಗೆಸೊಪ್ಪಿನ ಬೆಳೆಗಾರ ಹರಾಜು ಮಾರುಕಟ್ಟೆಗೆ ಹಾಕಿದ ಒಂದೊಂದು ಬೇಲಿನ ತೂಕ, ಗ್ರೇಡು, ದರವನ್ನು ಚೀಟಿ ಹಿಡಿದು ಹೇಳಬಲ್ಲ. ಎರಡು ವರ್ಷದ ಹಿಂದೆ ತನ್ನ ಶುಗರ್ ಎಷ್ಟಿತ್ತೆಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತಾನೆ.

ಕಾನೂನೇನೂ ರೋಗಿಯ ಕೈ ಬಿಟ್ಟಿಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಇಟ್ಟುಕೊಂಡಿರಬೇಕು; ರೋಗಿಯಾಗಲಿ, ಅವನ ಪರವಾಗಿ ಅಧಿಕಾರ ಪಡೆದವರಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2023ರಲ್ಲಿ ಬಂದ ಹೊಸ ನಿಯಮಾವಳಿಯನ್ನು ಅದೇ ವರ್ಷದ ಆಗಸ್ಟ್‌ನಲ್ಲೇ ತಡೆಹಿಡಿದದ್ದರಿಂದ ಹಳೆಯದಕ್ಕೇ ಮತ್ತೆ ಜೀವ ಬಂತು. ಗೋಪ್ಯತೆಯ ನೆಪ ಹೇಳಿ ರೋಗಿಗೇ ಕೇಸ್ ಪೇಪರ್ ನಿರಾಕರಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 1996ರಷ್ಟು ಹಿಂದೆಯೇ ಹೇಳಿತ್ತು. ತನ್ನ ವೈದ್ಯಕೀಯ ದಾಖಲೆ ಪಡೆಯುವುದು ರೋಗಿಯ ಹಕ್ಕು ಎಂದು ಕೇಂದ್ರ ಮಾಹಿತಿ ಆಯೋಗ 2014ರಲ್ಲಿ ಎತ್ತಿಹಿಡಿಯಿತು. ಕಂಪ್ಯೂಟರಿನ ದಾಖಲೆಗೂ ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ಮಾನದಂಡ ಬರೆದು 2016ರಲ್ಲಿ ಪರಿಷ್ಕರಿಸಿದೆ. ಅದರ ಧೋರಣೆ ಇಷ್ಟು: ಕಡತ ಕಾಯುವವರು ಆಸ್ಪತ್ರೆಯವರು, ಅದರೊಳಗಿನ ಆರೋಗ್ಯ ಮಾಹಿತಿ ರೋಗಿಯದು.

ಆದರೂ ತಾಲ್ಲೂಕು ಮಟ್ಟದಲ್ಲಿ ಕೇಸ್ ಶೀಟಿನ ನಕಲು ಕೇಳಿದವನನ್ನು ‘ಏನ್ ಕೇಸ್ ಹಾಕ್ತೀಯೇನಪ್ಪ?’ ಎಂಬಂತೆ ನೋಡುವುದು ತಪ್ಪಿಲ್ಲ. ಅಪಘಾತದ ವಿಮೆಗೋ ಕೋರ್ಟಿಗೋ ಬೇಕಾದಾಗಷ್ಟೇ ಜನ ದಾಖಲೆ ಕೇಳುವ ರೂಢಿ ಬಿದ್ದಿರುವುದರಿಂದ ಕೊಡುವವರಿಗೂ ಅಳುಕು. ಮುಂದಿನ ಚಿಕಿತ್ಸೆಗೆಂದು ಕೇಳುವವರು ಹೆಚ್ಚಿದರೆ ಈ ಅಳುಕು ತಾನಾಗಿ ಇಳಿಯಬಹುದು.

ರೋಗಿಯ ಕೈಗೇ ದಾಖಲೆ ಕೊಟ್ಟರೆ ಕಳೆದುಹಾಕುತ್ತಾರೆ, ಅವರಿಗೆ ಅರ್ಥವಾಗುವುದಿಲ್ಲ ಎನ್ನುವವರು ತಾಯಿ ಕಾರ್ಡನ್ನು ಒಮ್ಮೆ ಬಿಡಿಸಿ ನೋಡಬೇಕು. ಬಸುರಿ ಎಂದು ಹೆಸರು ನೋಂದಾಯಿಸಿದಾಗಲೇ ಎಎನ್‌ಎಂ ಸಿಸ್ಟರ್ ಕೊಡುವ ಕಾರ್ಡು ಅದು. ಸರ್ಕಾರಿ ಭಾಷೆಯಲ್ಲಿ ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡು; ದೇಶಕ್ಕೆಲ್ಲ ಒಂದೇ ನಮೂನೆ ಬಂದದ್ದು 2010ರಲ್ಲಿ. ಹೆಸರು, ತಾಯಿ ನಂಬರು, ಬ್ಲಡ್ ಗ್ರೂಪ್, ಕೊನೆಯ ಮುಟ್ಟಿನ ದಿನ, ಹೆರಿಗೆಯ ಅಂದಾಜು ದಿನ. ಪ್ರತಿ ತಪಾಸಣೆಯ ತೂಕ, ಬಿಪಿ, ಹಿಮೋಗ್ಲೋಬಿನ್‌ಗೆ ಒಂದೊಂದು ಚೌಕ. ಅಪಾಯದ ಚಿಹ್ನೆಗಳನ್ನು ಓದು ಬಾರದವರಿಗೂ ತಿಳಿಯಲೆಂದು ಚಿತ್ರದಲ್ಲೇ ಬರೆದಿದೆ. ಮಗು ಹುಟ್ಟಿದ ಮೇಲೆ ಅದೇ ಕಾರ್ಡಿನಲ್ಲಿ ಲಸಿಕೆಯ ತಾರೀಕು, ಬೆಳವಣಿಗೆಯ ನಕ್ಷೆ. ತೂಕದ ಚುಕ್ಕೆ ಹಸಿರು ಪಟ್ಟಿಯೊಳಗಿದೆಯೋ ಕೆಳಗೆ ಜಾರಿತೋ ಎಂದು ಅಜ್ಜಿಯೂ ಬೆರಳಿಟ್ಟು ತೋರಿಸಬಹುದು.

ಈ ಕಾರ್ಡನ್ನು ಯಾರೂ ಸುಲಭಕ್ಕೆ ಕಳೆದುಹಾಕುವುದಿಲ್ಲ. ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಪಕ್ಕದಲ್ಲೇ ಅದರ ಜಾಗ. ತವರಿಗೆ ಹೊರಟ ಚೊಚ್ಚಲ ಬಸುರಿಯ ಚೀಲದಲ್ಲಿ ಅದು ಮೊದಲು ಕೂರುತ್ತದೆ. ನಡುರಾತ್ರಿ 108 ಬಂದಾಗ ಸಿಬ್ಬಂದಿ ಕೇಳುವುದೂ ಅದನ್ನೇ, ಹೆರಿಗೆ ವಾರ್ಡಿನಲ್ಲಿ ಕೇಳುವುದೂ ಅದನ್ನೇ, ಸಹಾಯಧನಕ್ಕೆ ಅರ್ಜಿ ಹಾಕುವಾಗ ಕೇಳುವುದೂ ಅದನ್ನೇ. ಹತ್ತಾರು ಕಡೆ ಕೇಳುವುದರಿಂದಲೇ ಅದಕ್ಕೆ ಬೆಲೆ. ಜಪಾನಿನಲ್ಲಿ ಗರ್ಭಿಣಿಯರಿಗೆ ಇಂಥದ್ದೇ ಕೈಪುಸ್ತಕ ಬಂದದ್ದು 1942ರಲ್ಲಿ. 1948ರಲ್ಲಿ ಅದಕ್ಕೆ ಮಗುವಿನ ದಾಖಲೆಯೂ ಸೇರಿ ತಾಯಿ-ಮಗುವಿನ ಪುಸ್ತಕವಾಯಿತು. ಕಂಪ್ಯೂಟರಿನ ಹೆಸರು ಕೇಳದಿದ್ದ ಕಾಲದಲ್ಲೇ ದಾಖಲೆ ರೋಗಿಯ ಮನೆ ಸೇರಿತ್ತು. ವಿಚಿತ್ರವೆಂದರೆ ನಮ್ಮ ವ್ಯವಸ್ಥೆ ಹೆರಿಗೆಗೆ ತೋರಿದ ಈ ವಿವೇಕವನ್ನು ಸಕ್ಕರೆ ಕಾಯಿಲೆಗೆ, ಹೃದ್ರೋಗಕ್ಕೆ, ಕಿಡ್ನಿಗೆ ಬಂದಾಗ ಮರೆತುಬಿಡುತ್ತದೆ.

ಬರೆದದ್ದನ್ನು ಕಾಯ್ದಿಟ್ಟರೆ ಏನಾಗುತ್ತದೆಂಬುದಕ್ಕೆ ಮೈಸೂರಿನಲ್ಲೇ ಜಗತ್ತು ತಿರುಗಿ ನೋಡಿದ ಉದಾಹರಣೆಯೊಂದಿದೆ. ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುವ ಶಿಸ್ತಿತ್ತು. ಅರವತ್ತು ವರ್ಷಗಳ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ತೆರೆದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರ ತಂಡ ಅದು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತಲೇ ವಾಸವಾಗಿದ್ದ 517 ಜನರನ್ನು ಪತ್ತೆಹಚ್ಚಿ ಪರೀಕ್ಷಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕಿಲೋ ದಾಟಿದ್ದವರಲ್ಲಿ ಶೇ 3. ಈ ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಗರ್ಭದಲ್ಲಿನ ಪೋಷಣೆಗೂ ನಡುವಯಸ್ಸಿನ ಹೃದಯಕ್ಕೂ ನಂಟಿದೆ ಎಂಬ ವಾದಕ್ಕೆ ಭಾರತದಿಂದ ಸಿಕ್ಕ ದೊಡ್ಡ ಸಾಕ್ಷ್ಯ ಅದು. ಯಾವ ದಾದಿಯೋ ತಕ್ಕಡಿಯಲ್ಲಿ ಕೂಸನ್ನು ಮಲಗಿಸಿ ಬರೆದ ಅಂಕಿ ವಿಜ್ಞಾನಕ್ಕೆ ಇಷ್ಟು ಉಪಯೋಗಕ್ಕೆ ಬರುವುದಾದರೆ, ಆ ಕೂಸಿಗೆ, ಅದು ಐವತ್ತು ದಾಟಿ ವೈದ್ಯರ ಮುಂದೆ ಕೂತಾಗ, ಎಷ್ಟು ಉಪಯೋಗಕ್ಕೆ ಬರಬೇಕು!

ಈಗ ಆಭಾ ವಿಷಯಕ್ಕೆ ಬರಬಹುದು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾದದ್ದು 2021ರ ಸೆಪ್ಟೆಂಬರ್ 27ರಂದು. ಅದರಡಿ ಕೊಡುವ 14 ಅಂಕಿಯ ಸಂಖ್ಯೆಯೇ ಆಭಾ. ಹಳ್ಳಿಗಳಲ್ಲಿ ಇದನ್ನೂ ಐದು ಲಕ್ಷದ ಆಯುಷ್ಮಾನ್ ಕಾರ್ಡನ್ನೂ ಒಂದೇ ಎಂದುಕೊಂಡವರೇ ಜಾಸ್ತಿ. ಅವರ ತಪ್ಪಲ್ಲ, ಎರಡರ ಹೆಸರೂ ಅಷ್ಟು ಹತ್ತಿರ. ಆಯುಷ್ಮಾನ್ ಕಾರ್ಡು ಚಿಕಿತ್ಸೆಯ ಖರ್ಚಿಗೆ. ಆಭಾದಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಅದು ಬೇರೆ ಬೇರೆ ಆಸ್ಪತ್ರೆಗಳ ಕಂಪ್ಯೂಟರಿನಲ್ಲಿ ಬಿದ್ದಿರುವ ಒಬ್ಬನ ದಾಖಲೆಗಳನ್ನು ಒಂದು ದಾರಕ್ಕೆ ಪೋಣಿಸುವ ನಂಬರು. ದಾಖಲೆ ದಿಲ್ಲಿಗೆ ಹೋಗಿ ಒಂದೇ ಉಗ್ರಾಣ ಸೇರುವುದಿಲ್ಲ, ಹುಟ್ಟಿದ ಆಸ್ಪತ್ರೆಯಲ್ಲೇ ಇರುತ್ತದೆ. ರೋಗಿ ಮೊಬೈಲಿನ ಆ್ಯಪ್‌ನಲ್ಲಿ ನೋಡಬಹುದು. ಇನ್ನೊಬ್ಬ ವೈದ್ಯರಿಗೆ ತೋರಿಸಬೇಕಾದರೆ ಯಾವ ದಾಖಲೆ, ಎಷ್ಟು ದಿನ ಎಂದು ಗೊತ್ತುಪಡಿಸಿ ಒಪ್ಪಿಗೆ ಕೊಡಬೇಕು, ಬೇಡವೆನಿಸಿದರೆ ಹಿಂದಕ್ಕೆ ಪಡೆಯಬಹುದು. ಆಭಾ ಮಾಡಿಸುವುದು ಕಡ್ಡಾಯವೂ ಅಲ್ಲ.

ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ತೊಡಕಿರುವುದು ಪೋಣಿಸಲು ಮಣಿಗಳೇ ಇಲ್ಲದಿರುವುದರಲ್ಲಿ. 2025ರ ಆರಂಭದ ಹೊತ್ತಿಗೆ ದೇಶದಲ್ಲಿ ಆಭಾ ಸಂಖ್ಯೆ ಪಡೆದವರು 73 ಕೋಟಿ ದಾಟಿದ್ದರು. ಅವಕ್ಕೆ ಜೋಡಣೆಯಾದ ದಾಖಲೆಗಳು ಸುಮಾರು 49 ಕೋಟಿ. ತಲೆಗೊಂದು ದಾಖಲೆಯೂ ಇಲ್ಲ ಎಂದಾಯಿತು. 2022ರ ಅಕ್ಟೋಬರ್‌ನಲ್ಲಿ ಬಂದ ಸ್ಕ್ಯಾನ್ ಆ್ಯಂಡ್ ಶೇರ್ ಕೂಡ ಹಾಗೆಯೇ: ನೋಂದಣಿ ಕೌಂಟರಿನ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ಹೆಸರು, ವಯಸ್ಸು, ವಿಳಾಸ ತಾನಾಗಿ ಹೋಗಿ ಟೋಕನ್ ಬರುತ್ತದೆ. ಕ್ಯೂ ತಗ್ಗುತ್ತದೆ, ನಿಜ. ಆದರೆ ಟೋಕನ್ ಪಡೆದು ಒಳಗೆ ಹೋದ ಮೇಲೆ ವೈದ್ಯರು ಪೆನ್ನಿನಲ್ಲಿ ಚೀಟಿ ಬರೆದು ಕೈಗಿತ್ತರೆ ಡಿಜಿಟಲ್ ಆದದ್ದು ರೋಗಿಯ ಹೆಸರು ಮಾತ್ರ, ರೋಗವಲ್ಲ. ಇಷ್ಟು ಜನಕ್ಕೆ ಆಭಾ ಮಾಡಿಸಿದೆವು ಎಂದು ಗುರಿ ಮುಟ್ಟಿದ ಪಟ್ಟಿ ಕೊಡುವ ಬದಲು, ಇಷ್ಟು ಜನರ ಲ್ಯಾಬ್ ರಿಪೋರ್ಟ್ ಅವರ ಮೊಬೈಲಿಗೆ ತಲುಪಿಸಿದೆವು ಎಂದು ಇಲಾಖೆ ತಾಲ್ಲೂಕುವಾರು ಲೆಕ್ಕ ಕೇಳಿದ್ದರೆ ಚಿತ್ರ ಬೇರೆಯಿರುತ್ತಿತ್ತು.

ಅದೂ ಮೊಬೈಲು ಇದ್ದವರ ಮಾತು. ಕೋವಿಡ್ ಲಸಿಕೆಯ ಕಾಲದಲ್ಲಿ ಇದರ ರುಚಿ ಎಲ್ಲರಿಗೂ ಸಿಕ್ಕಿದೆ. 2021ರಲ್ಲಿ ಮೊದಲ ಬಾರಿಗೆ ಹಳ್ಳಿಯ ಮನೆಮನೆಗೂ ಡಿಜಿಟಲ್ ಆರೋಗ್ಯ ದಾಖಲೆಯೊಂದು ಬಂತು, ಆದರೆ ಮನೆಮಂದಿಯೆಲ್ಲ ಒಂದೇ ನಂಬರಿನ ಮೇಲೆ. ಆ ನಂಬರು ಮಗನದಾಗಿದ್ದು, ಮಗ ಬೆಂಗಳೂರಿನಲ್ಲಿದ್ದರೆ ಒಟಿಪಿಗೆ ಅವನಿಗೆ ಫೋನ್ ಹಚ್ಚಬೇಕು. ಲಸಿಕೆಯ ಸರ್ಟಿಫಿಕೇಟಿನಲ್ಲಿ ಗುಟ್ಟೇನಿಲ್ಲ, ಸರಿ. ಹೆಂಗಸಿನ ಗರ್ಭಪಾತದ ದಾಖಲೆ, ಸೊಸೆಯ ಮಾನಸಿಕ ಚಿಕಿತ್ಸೆಯ ಚೀಟಿ, ಯುವಕನ ಎಚ್‌ಐವಿ ಪರೀಕ್ಷೆಯ ಫಲಿತಾಂಶ ಗಂಡನ, ಮಾವನ ಅಥವಾ ಅಪ್ಪನ ಫೋನಿಗೆ ಬಂದು ಬಿದ್ದರೆ? ಪ್ಲಾಸ್ಟಿಕ್ ಕವರನ್ನಾದರೂ ಸೀರೆಯ ಮಡಿಕೆಯಲ್ಲಿ ಬಚ್ಚಿಡಬಹುದಿತ್ತು.

ಕಾಡಂಚಿನ ಹಾಡಿಗಳಲ್ಲಿ ಕಷ್ಟ ಇನ್ನೊಂದು ಬಗೆಯದು. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಜೇನುಕುರುಬ, ಕಾಡುಕುರುಬ, ಯರವ ಕುಟುಂಬಗಳಲ್ಲಿ ಹಲವು ಕಾಫಿ ಕೆಲಸಕ್ಕೆ ಕೊಡಗಿನ ತೋಟಗಳಿಗೆ ಹೋಗಿ ಬರುತ್ತವೆ. ಮಳೆಗೆ ಸೋರುವ ಲೈನ್ ಮನೆಯಲ್ಲಿ ಕಾಗದ ಉಳಿಯುವುದಿಲ್ಲ, ಮೊಬೈಲ್ ಇದ್ದರೂ ನೆಟ್‌ವರ್ಕ್ ಮರ ಹತ್ತಿದರೆ ಉಂಟು. ಇಂಥಲ್ಲಿ ಕ್ಷಯರೋಗದ ನಿಕ್ಷಯ್ ವ್ಯವಸ್ಥೆ ಒಂದು ದಾರಿ ತೋರಿದೆ. ರೋಗಿಗೊಂದು ಸಂಖ್ಯೆ, ಎಚ್.ಡಿ. ಕೋಟೆಯಲ್ಲಿ ಮಾತ್ರೆ ಶುರುಮಾಡಿದವನು ಕೊಡಗಿಗೆ ಹೋದರೆ ಅವನ ಚಿಕಿತ್ಸೆಯನ್ನು ಅಲ್ಲಿಗೇ ವರ್ಗಾಯಿಸಬಹುದು, ನಡುವೆ ಮಾತ್ರೆ ತಪ್ಪಬೇಕಿಲ್ಲ. ರೋಗಿಯ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲೇಬೇಕೆಂದಿಲ್ಲ, ಎರಡೂ ಕಡೆಯ ಸಿಬ್ಬಂದಿ ನೋಡಿದರೆ ಸಾಕು.

ಸಿಕಲ್ ಸೆಲ್ ರಕ್ತಹೀನತೆಯ ವಿಚಾರದಲ್ಲಿ ಎಚ್ಚರ ಹೆಚ್ಚು ಬೇಕು. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನದಡಿ ಬುಡಕಟ್ಟು ಜನರಿರುವ ಜಿಲ್ಲೆಗಳಲ್ಲಿ 40 ವರ್ಷದೊಳಗಿನವರಿಗೆ ರಕ್ತ ಪರೀಕ್ಷೆ ನಡೆಸಿ ಫಲಿತಾಂಶದ ಕಾರ್ಡು ಕೊಡಲಾಗುತ್ತದೆ. ರೋಗವಿಲ್ಲ, ರೋಗದ ವಾಹಕ, ರೋಗವಿದೆ — ಈ ಮೂರರಲ್ಲಿ ಒಂದು. ‘ವಾಹಕ’ ಎಂದರೆ ಕಾಯಿಲೆಯವನಲ್ಲ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಕಾಯಿಲೆಯ ಸಾಧ್ಯತೆ ಎಂದಷ್ಟೇ ಅರ್ಥ. ಕೂರಿಸಿಕೊಂಡು, ಅವರ ಮಾತಿನಲ್ಲೇ ಇದನ್ನು ಬಿಡಿಸಿ ಹೇಳದೆ ಕಾರ್ಡು ಮಾತ್ರ ಕೈಗಿಟ್ಟರೆ ಹಾಡಿಯಲ್ಲಿ ಹುಡುಗಿಯ ಮೇಲೆ ಹೊಸದೊಂದು ಹಣೆಪಟ್ಟಿ ಬೀಳುತ್ತದೆ. ಸರಗೂರಿನಲ್ಲಿ ಆಸ್ಪತ್ರೆ ನಡೆಸುವ, 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನಂಥ ಸಂಸ್ಥೆಗಳಿಗೆ ಹಾಡಿಗಳ ಒಡನಾಟ ಹಳೆಯದು. ಈ ಬಿಡಿಸಿ ಹೇಳುವ ಕೆಲಸಕ್ಕೆ ಸರ್ಕಾರ ಅಂಥವರನ್ನು ಜೊತೆ ಮಾಡಿಕೊಳ್ಳುವುದು ಲೇಸು.

ವೈದ್ಯರ ಭಯವೂ ಸುಳ್ಳಲ್ಲ. ದಿನಕ್ಕೆ ನೂರಾರು ಹೊರರೋಗಿಗಳನ್ನು ನೋಡುವವರು ಟೈಪ್ ಮಾಡುತ್ತಾ ಕೂರುವುದು ಹೇಗೆ, ಬರೆದದ್ದನ್ನೆಲ್ಲ ರೋಗಿ ಓದಿ ಜಗಳಕ್ಕೆ ಬಂದರೆ ಹೇಗೆ? ಮೊದಲ ಪ್ರಶ್ನೆಗೆ ಡೇಟಾ ಎಂಟ್ರಿ ಸಿಬ್ಬಂದಿ ಕೊಡುವುದಲ್ಲದೆ ಬೇರೆ ಉತ್ತರವಿಲ್ಲ. ಎರಡನೆಯದನ್ನು ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದ್ದಾರೆ. 2010ರಲ್ಲಿ ಬಾಸ್ಟನ್, ಪೆನ್ಸಿಲ್ವೇನಿಯಾ ಮತ್ತು ಸಿಯಾಟಲ್‌ನ 105 ವೈದ್ಯರು ತಮ್ಮ ಟಿಪ್ಪಣಿಗಳನ್ನು ರೋಗಿಗಳಿಗೆ ಆನ್‌ಲೈನಿನಲ್ಲಿ ತೆರೆದಿಟ್ಟರು. ಓಪನ್‌ನೋಟ್ಸ್ ಎಂದು ಅದರ ಹೆಸರು. ವರ್ಷ ಕಳೆದ ಮೇಲೆ ಕೇಳಿದರೆ, ಔಷಧಿ ತೆಗೆದುಕೊಳ್ಳುತ್ತಿದ್ದ ರೋಗಿಗಳಲ್ಲಿ ಶೇ 60ರಿಂದ 78 ಮಂದಿ ಈಗ ಹೆಚ್ಚು ಸರಿಯಾಗಿ ಮಾತ್ರೆ ನುಂಗುತ್ತಿದ್ದೇವೆ ಎಂದರು. ಮುಂದುವರಿಸುವುದು ಬೇಡ ಎಂದು ಹಿಂದೆ ಸರಿದ ವೈದ್ಯರು ಒಬ್ಬರೂ ಇರಲಿಲ್ಲ. ಅಲ್ಲಿನ ರೋಗಿಗಳು ಇಂಗ್ಲಿಷ್ ಓದಬಲ್ಲವರು, ಮನೆಯಲ್ಲಿ ಕಂಪ್ಯೂಟರ್ ಇದ್ದವರು ಎಂಬುದನ್ನೂ ಮರೆಯಬಾರದು.

ಕಳ್ಳರ ಭಯ ಬೇರೆ. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಸರ್ವರುಗಳ ಮೇಲೆ ದಾಳಿ ನಡೆದು ಎರಡು ವಾರದಷ್ಟು ಕಾಲ ಚೀಟಿಯಿಂದ ಲ್ಯಾಬಿನವರೆಗೆ ಎಲ್ಲ ಕೆಲಸ ಕೈಬರಹಕ್ಕೆ ಇಳಿದಿತ್ತು. ಏಮ್ಸ್‌ಗೇ ಹೀಗಾದರೆ ತಾಲ್ಲೂಕು ಆಸ್ಪತ್ರೆಯ ಗತಿಯೇನು ಎಂದು ಕೇಳುವುದು ನ್ಯಾಯವೇ. 2008ರಿಂದ ದೇಶಕ್ಕೆಲ್ಲ ಒಂದೇ ಆರೋಗ್ಯ ಜಾಲ ನಡೆಸುತ್ತಿರುವ ಎಸ್ಟೋನಿಯಾದಲ್ಲಿ ತನ್ನ ದಾಖಲೆಯನ್ನು ಯಾರು, ಯಾವಾಗ ತೆರೆದು ನೋಡಿದರು ಎಂಬುದನ್ನು ರೋಗಿಯೇ ನೋಡಬಹುದು. ಬೀಗದಷ್ಟೇ ಮುಖ್ಯವಾದ ಈ ಹಾಜರಿ ಪುಸ್ತಕ ನಮ್ಮ ರೋಗಿಗೂ ಕಾಣುವಂತಿರಬೇಕು.

ಇಷ್ಟೆಲ್ಲ ಆಗಿ ದಾಖಲೆ ಕೈಗೆ ಬಂತೆನ್ನಿ, ಓದುವವರು ಯಾರು? ಔಷಧ ಚೀಟಿ ಓದಲು ಬರುವಂತಿರಬೇಕೆಂದು ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತು. ಅರ್ಥವಾಗುವ ಚೀಟಿ ಬದುಕುವ ಹಕ್ಕಿನ ಭಾಗ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2025ರಲ್ಲಿ ಹೇಳಿತು. ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರ ಸೆಪ್ಟೆಂಬರ್‌ನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರಿಗೆ ಪತ್ರ ಬರೆದರು. ಆಗ ಪರ–ವಿರೋಧದ ಚರ್ಚೆ ಜೋರಾಗಿಯೇ ನಡೆಯಿತು. ಮಾತ್ರೆಯ ಹೆಸರನ್ನು ಕನ್ನಡದಲ್ಲಿ ಬರೆದರೆ ಅಂಗಡಿಯವನು ತಪ್ಪು ಕೊಟ್ಟಾನು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಡಿಸ್ಚಾರ್ಜ್ ಸಮ್ಮರಿಯನ್ನು ಹೇಗೂ ಕಂಪ್ಯೂಟರ್ ಅಚ್ಚು ಹಾಕುತ್ತದೆ. ಅದರ ಹಿಂಬದಿಯಲ್ಲಿ ಕಾಯಿಲೆಯ ಹೆಸರು, ಏನು ಚಿಕಿತ್ಸೆ ಆಯಿತು, ಯಾವ ಔಷಧಿ ಒಗ್ಗುವುದಿಲ್ಲ, ಯಾವ ಮಾತ್ರೆ ಯಾವ ಹೊತ್ತಿಗೆ, ಮತ್ತೆ ಯಾವಾಗ ಬರಬೇಕು ಎಂಬ ಐದಾರು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಲು ಸಾಫ್ಟ್‌ವೇರಿನಲ್ಲಿ ಒಂದು ನಮೂನೆ ಸೇರಿಸಿದರಾಯಿತು. ಮುಂಬದಿಯ ಇಂಗ್ಲಿಷ್ ಹಾಗೆಯೇ ಇರಲಿ. ಕಬಿನಿ ಹಿನ್ನೀರಿನಾಚೆಯ ಡಿ.ಬಿ. ಕುಪ್ಪೆಯವರು ತುರ್ತಿಗೆ ಮೈಸೂರಿಗಿಂತ ಹತ್ತಿರವೆಂದು ಬಾವಲಿ ದಾಟಿ ಕೇರಳದ ಮಾನಂದವಾಡಿಗೆ ಹೋಗುವುದುಂಟು; ಅಲ್ಲಿನ ವೈದ್ಯರು ಓದುವುದು ಮುಂಬದಿಯನ್ನು, ಮಾತ್ರೆ ಕೊಡಲು ಮನೆಯಲ್ಲಿ ಹಿಂಬದಿಯನ್ನು ಓದುವುದು ಆರನೇ ಕ್ಲಾಸಿನ ಮೊಮ್ಮಗಳು.